ಅಂಜಿಕಿ ಎಷ್ಟಾಣೆ?

ದಾಂಡೇಲಿಯ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ, ನೀರು ಕಣ್ಣಿಗೆ ಬೀಳಲು ಇನ್ನೂ ಎಷ್ಟೋ ದಾರಿ ಇರುವಾಗಲೇ, ಬಾಯಾರು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ಕುಳಿತಿರುತ್ತಿದ್ದರು. ಹಣೆಯ ಮೇಲೆ ವಿಭೂತಿ, ಅದರ ಕೆಳಗೆ ದಪ್ಪ ಕನ್ನಡಕ, ಮೈಮೇಲೆ ಗಂಡನ ಹಳೆಯ ಪ್ಯಾಂಟು ಮತ್ತು ಶರ್ಟು, ಅದರ ಮೇಲೆ ಆ ಜಾಕೆಟ್ಟು. ಚಹಾ ಕುಡಿಯಲು ಬಾಗಿದರೆ ಜಾಕೆಟ್ಟಿನ ಅಂಚು ಗದ್ದಕ್ಕೆ ಒತ್ತುತ್ತಿತ್ತು. ಬಸ್ಸಿಗೆ ಕಾಯುವವರು ತಿರುತಿರುಗಿ ನೋಡುತ್ತಿದ್ದರು. ಅಂಗಡಿಯವನು ಒಂದು ದಿನವೂ ಸುಮ್ಮನಿದ್ದವನಲ್ಲ.

"ಯಾಕ್ರೀ ಬಾಯಾರ, ನಮ್ಮ ಚಹಾದಾಗ ಮುಳಗತೀರೇನ್ರಿ?"

"ನಿನ್ನ ಚಹಾದಾಗ ಬರೇ ನೀರ ಇರತಾವಪಾ, ಅದಕ್ಕ ಹಾಕ್ಕೊಂಡೇನಿ."

ಅವರು ನಮ್ಮ ಅಳತೆ ತಂಡದ ಮುಖ್ಯಸ್ಥೆ. ಮೊದಲು ಡಿಪ್ಲೊಮಾ ಕಾಲೇಜಿನಲ್ಲಿ ಸರ್ವೆ ಕಲಿಸುತ್ತಿದ್ದರಂತೆ, ಆ ಕೆಲಸ ಬಿಟ್ಟು ಬಂದರೂ ಬಾಯಾರು, ಅಂದರೆ ಟೀಚರಮ್ಮ, ಎಂಬ ಹೆಸರು ಬಿಟ್ಟಿರಲಿಲ್ಲ. ಗಣೇಶಗುಡಿಯ ಮೇಲಿನ ಅಣೆಕಟ್ಟಿನ ಹಿನ್ನೀರಿನಲ್ಲಿ ಹೂಳು ಎಷ್ಟು ತುಂಬಿದೆ ಎಂದು ಅಳೆಯುವುದು ನಮ್ಮ ಕೆಲಸವಾಗಿತ್ತು. ದೋಣಿಗೆ ಕಟ್ಟಿದ ಯಂತ್ರ ನೀರಿನೊಳಕ್ಕೆ ಸದ್ದು ಕಳಿಸುತ್ತದೆ, ಸದ್ದು ತಳಕ್ಕೆ ಬಡಿದು ಮರಳುವ ಹೊತ್ತಿನಿಂದ ಆಳ ಗೊತ್ತಾಗುತ್ತದೆ. ನೇಗಿಲು ಹೊಡೆದಂತೆ ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಸಾಲುಸಾಲಾಗಿ ದೋಣಿ ಓಡಿಸಬೇಕು. ಹಿಂದಿನ ತಳ ಎಲ್ಲಿತ್ತು, ಈಗಿನ ತಳ ಎಲ್ಲಿದೆ, ನಡುವೆ ಇರುವುದೇ ಹೂಳು. "ಕೊಡದ ತಳದಾಗ ಸುಣ್ಣ ಕಟ್ಟತದಲ್ಲ, ಹಂಗ. ಹೊರಗಿಂದ ಕೊಡ ಅಷ್ಟ ಕಾಣತೈತಿ, ಒಳಗ ನೀರ ಕಮ್ಮಿ ಹಿಡೀತೈತಿ," ಎಂದು ಮೊದಲ ದಿನ ಬಾಯಾರು ನನಗೆ ತಿಳಿಸಿಕೊಟ್ಟರು.

ನಾನು ದಾಂಡೇಲಿಯವಳೇ. ಅಪ್ಪ ಬೆಳಗಾವಿ ಕಡೆಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಹುಟ್ಟಿದಾಗಿನಿಂದ ಕಾಳಿ ನದಿಯ ಮಗ್ಗುಲಲ್ಲಿದ್ದರೂ ನನಗೆ ಈಜು ಬರುವುದಿಲ್ಲ, ಮೊಣಕಾಲಿನ ಮೇಲೆ ನೀರು ಬಂದರೆ ದಡದ ಕಡೆ ಓಡಿಬಿಡಬೇಕು ಎನಿಸುತ್ತದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವ್ವ ಅವತ್ತೇ ಕೆಲಸ ಬಿಡಿಸಿ ಗಂಡು ನೋಡಲು ಶುರು ಮಾಡುತ್ತಿದ್ದಳು. ಕಚೇರಿಯವರಿಗೆ ತಿಳಿದರೆ, ಹುಡುಗಿಯರನ್ನು ತೆಗೆದುಕೊಂಡಿದ್ದೇ ತಪ್ಪಾಯಿತು ಎನ್ನುತ್ತಿದ್ದರು. ಹಾಗಾಗಿ ಹಲ್ಲು ಕಚ್ಚಿ, ಯಂತ್ರದ ಪರದೆಯ ಮೇಲೆ ಕಣ್ಣು ನೆಟ್ಟು ಕೂರುತ್ತಿದ್ದೆ. ಆದರೆ ಪರದೆಯೂ ಹೆದರಿಸುತ್ತಿತ್ತು. ಹಿನ್ನೀರಿನ ಕೆಳಗೆ ಮುಳುಗಿದ ಕಾಡು ಇನ್ನೂ ನಿಂತಿದೆ. ನುಣ್ಣಗೆ ಹೋಗುತ್ತಿದ್ದ ತಳದ ಗೆರೆ ಒಮ್ಮೆಲೇ ಮೇಲಕ್ಕೆ ಚುಚ್ಚಿ ನಿಲ್ಲುತ್ತಿತ್ತು, ಅದು ಮರ. ಒಂದೊಂದು ಕಡೆ ಗೆರೆ ಚೌಕವಾಗಿ ಮಡಚಿಕೊಳ್ಳುತ್ತಿತ್ತು, ಅದು ಯಾರದೋ ಮನೆಯ ಗೋಡೆ. ನಾವು ಅವರ ಮಾಡಿನ ಮೇಲೆ ದೋಣಿಯಲ್ಲಿ ಹೋಗುತ್ತಿದ್ದೇವೆ ಎಂದು ಹೊಳೆದಾಗ ನಾನು ಕಾಲನ್ನು ದೋಣಿಯ ತಳದಿಂದ ಮೇಲೆತ್ತಿಕೊಳ್ಳುತ್ತಿದ್ದೆ.

ಬಾಯಾರು ಮಾತ್ರ ತಮ್ಮ ಹೆದರಿಕೆಯನ್ನು ಹಬ್ಬದ ಸೀರೆಯ ಹಾಗೆ ಎಲ್ಲರಿಗೂ ತೋರಿಸಿಕೊಂಡು ಓಡಾಡುತ್ತಿದ್ದರು. ನೀರಿಗೆ ಅಂಜುತ್ತಿದ್ದರು. ಗುಡುಗಿಗೆ ಅಂಜುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ರಾಡಿಗೆ, ಹೂಳಿಗೆ ಅಂಜುತ್ತಿದ್ದರು. ಕೈಯಲ್ಲಿ ಯಾವಾಗಲೂ ಒಂದು ಕಬ್ಬಿಣದ ಸಲಾಕೆ. ದೋಣಿಯಿಂದ ಇಳಿಯುವ ಮೊದಲು ಎದುರಿನ ನೆಲಕ್ಕೆ ಅದನ್ನು ಚುಚ್ಚಿ, ಎಷ್ಟು ಇಳಿಯಿತು ನೋಡಿ, ಆಮೇಲೆ ಹಲಗೆ ಹಾಕಿಸಿ, ಆಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಆಮೇಲೆ ಕಾಲಿಡುತ್ತಿದ್ದರು. ಜೋಯಿಡಾದ ಡಾಂಬರು ರಸ್ತೆಯ ಮೇಲೂ ಅವರು ಸಲಾಕೆ ಕುಟ್ಟಿದ್ದನ್ನು ನಾನು ಕಂಡಿದ್ದೇನೆ. ಪ್ಯಾಂಟಿನ ಗುಟ್ಟೂ ಅದೇ. "ಸೀರಿ ನೀರಾಗ ಬಿದ್ದರ ಕಾಲ ಕಟ್ಟತೈತಿ, ತಂಗಿ. ಮಾನಕ್ಕಿಂತ ಜೀವ ದೊಡ್ಡದು. ನಮ್ಮನಿಯವರ ಪ್ಯಾಂಟ ನನಗ ಸರಿ ಆಗಲಿ ಅಂತನ ದೇವರು ಅವರನ್ನ ದಪ್ಪ ಮಾಡ್ಯಾನ."

ಇಷ್ಟು ಅಂಜುವವರು ಈ ಕೆಲಸಕ್ಕೆ ಯಾಕೆ ಬಂದರು ಎಂದು ನಾನೊಮ್ಮೆ ಕೇಳಿದೆ. ಚಿಕ್ಕಂದಿನಲ್ಲಿ ಯಾರಾದರೂ ಮುಳುಗಿ ಸತ್ತಿರಬೇಕು, ಏನೋ ಕಥೆ ಇರಬೇಕು ಎಂದು ನನ್ನ ಎಣಿಕೆ.

"ಏನೂ ಆಗಿಲ್ಲವಾ. ಹಸಿವು ಯಾಕ ಆಗತೈತಿ ಅಂತ ಯಾರರೆ ಕೇಳತಾರೇನು? ಅಂಜಿಕಿನೂ ಹಂಗ. ಕೆಲಸ ಚಲೋ ಐತಿ, ಮಾಡತೇನಿ. ಅಂಜಿಕಿ ಬರತೈತಿ, ಅಂಜತೇನಿ. ಒಂದಕ್ಕೊಂದು ಏನ್ ಸಂಬಂಧ?"

ಅವರ ದೋಣಿಯಲ್ಲಿ ಒಂದು ಪದ್ಧತಿ ಇತ್ತು. ಬೇರೆ ಯಾವ ತಂಡದಲ್ಲೂ ನಾನು ಅದನ್ನು ಕಂಡಿಲ್ಲ. ಒಂದು ಸಾಲು ಮುಗಿದು ದೋಣಿ ತಿರುಗುವಾಗಲೆಲ್ಲ ಅವರು ಗಟ್ಟಿಯಾಗಿ ಕೇಳುತ್ತಿದ್ದರು: "ಅಂಜಿಕಿ ಎಷ್ಟಾಣೆ?" ದೋಣಿಯಲ್ಲಿದ್ದ ಪ್ರತಿಯೊಬ್ಬರೂ ಉತ್ತರ ಕೊಡಬೇಕು. ಹದಿನಾರಾಣೆ ಎಂದರೆ ತುಂಬು ಹೆದರಿಕೆ. ಯಾರೇ ಆಗಲಿ ಹನ್ನೆರಡಾಣೆ ಎಂದರೆ ಸಾಕು, ದೋಣಿ ದಡಕ್ಕೆ ತಿರುಗಬೇಕು. ಯಾಕೆ ಎಂದು ಕೇಳುವ ಹಾಗಿಲ್ಲ, ನಗುವ ಹಾಗಿಲ್ಲ, ಆಮೇಲೆ ಊಟದ ಹೊತ್ತಿಗೆ ಆಡಿಕೊಳ್ಳುವ ಹಾಗೂ ಇಲ್ಲ.

ದೋಣಿ ನಡೆಸುವವನು ಗಣೇಶಗುಡಿಯವನು, ಪ್ರವಾಸಿಗರನ್ನು ರ‍್ಯಾಫ್ಟಿನಲ್ಲಿ ಕೂರಿಸಿ ಬಿಳಿನೊರೆಯ ಸೆಳವಿನಲ್ಲಿ ಇಳಿಸಿ ಪಳಗಿದವನು. ಅವನ ಉತ್ತರ ದಿನವೂ ಒಂದೇ. "ಸೊನ್ನಿ ರೀ ಬಾಯಾರ."

"ಸೊನ್ನಿ ಅನ್ನಬ್ಯಾಡಪಾ, ನಿನ್ನ ಮಾತಿಗೇ ನನಗ ಎರಡಾಣೆ ಹೆಚ್ಚಾಗತೈತಿ," ಎನ್ನುತ್ತಿದ್ದರು ಬಾಯಾರು. ತಮ್ಮದನ್ನು ಅವರು ಎಂದೂ ಆರಾಣೆಗಿಂತ ಕಡಿಮೆ ಹೇಳಿದ್ದಿಲ್ಲ.

ಮೊದಲ ವಾರ ನಾನು "ಒಂದಾಣೆ" ಎನ್ನುತ್ತಿದ್ದೆ. ಬಾಯಾರು ಒಮ್ಮೆ ನನ್ನ ಮುಖ ನೋಡಿ ದೋಣಿಯನ್ನು ಮುಂದಿನ ಸಾಲಿಗೆ ಹೊರಡಿಸುತ್ತಿದ್ದರು. ಒಂದು ಮಧ್ಯಾಹ್ನ ಗಾಳಿ ಎದ್ದು ದೋಣಿ ಓಲಾಡತೊಡಗಿತು. ನನ್ನ ಬಾಯಿಂದ ನನಗೇ ತಿಳಿಯದ ಹಾಗೆ "ಹನ್ನೆರಡು" ಎಂದು ಬಂದುಬಿಟ್ಟಿತು. ದೋಣಿ ಕೂಡಲೇ ತಿರುಗಿತು. ದಡದಲ್ಲಿ ಬಾಯಾರು ಡಬ್ಬಿ ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೈಗೆ ಕೊಟ್ಟರು. ಆ ರೊಟ್ಟಿ ತಿನ್ನುವಾಗ ನನಗೆ ಅಳು ಬಂತು, ಹೆದರಿಕೆಗಲ್ಲ, ಹೆದರಿದ್ದೇನೆ ಎಂದು ಹೇಳಿದ ಮೇಲೂ ನನ್ನ ಕೆಲಸ ನನ್ನ ಹತ್ತಿರವೇ ಇತ್ತಲ್ಲ, ಅದಕ್ಕೆ.

ಮುಂದಿನ ಬೇಸಿಗೆಯಲ್ಲಿ ಆ ದಿನ ಬಂತು. ಹಿನ್ನೀರು ಇಳಿದು, ಜೋಯಿಡಾ ಕಡೆಯ ಕಾಡಿನಿಂದ ಹಳ್ಳವೊಂದು ಬಂದು ಸೇರುವ ಮೂಲೆಯಲ್ಲಿ ಹೂಳಿನ ದಿಬ್ಬ ಮೇಲೆದ್ದಿತ್ತು. ಅಷ್ಟು ತೆಳುನೀರಿನಲ್ಲಿ ಯಂತ್ರ ಕೆಲಸ ಮಾಡುವುದಿಲ್ಲ. ಇಳಿದು, ಕೊಳವೆ ಒತ್ತಿ, ಹೂಳಿನ ತುಂಡು ತೆಗೆದುಕೊಂಡು ಬರಬೇಕು. ದಿಬ್ಬದ ಮೇಲ್ಮೈ ಒಣಗಿ ಬಿರುಕು ಬಿಟ್ಟಿತ್ತು, ಅದರ ಮೇಲೆ ಕಾಡೆಮ್ಮೆಯ ಗೊರಸಿನ ಗುರುತುಗಳು ಸಾಲಾಗಿ ಮೂಡಿದ್ದವು.

"ಕಾಡೆಮ್ಮಿ ಹಾಯ್ದೈತ್ರಿ ಬಾಯಾರ. ಅಷ್ಟು ಭಾರದ ಪ್ರಾಣಿ ಹಾಯ್ದಲ್ಲಿ ಮನಷಾರಿಗೇನು? ಹಲಗಿ ಯಾಕ ಬೇಕು, ನೆಲ ಗಟ್ಟಿ ಐತಿ," ಎಂದ ದೋಣಿಯವನು. ಕಾಡಿನ ಕಡೆಯ ಜನ ನಂಬಿ ನಡೆಯುವ ಮಾತು ಅದು, ದನ ಹೋದ ದಾರಿಯಲ್ಲಿ ಮನುಷ್ಯ ಕಣ್ಣು ಮುಚ್ಚಿ ಹೋಗಬಹುದು ಎಂದು.

ಬಾಯಾರು ಕೇಳಲಿಲ್ಲ. ಸಲಾಕೆ ಚುಚ್ಚಿದರು, ಹಲಗೆ ಹಾಕಿಸಿದರು, ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಗಂಟನ್ನು ಎರಡು ಸಲ ಜಗ್ಗಿ ನೋಡಿದರು. ನಾನು ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಕೊಳವೆ ಒತ್ತಿದೆ. ಅದು ಸರಾಗವಾಗಿ ಇಳಿಯಿತು, ಆದರೆ ಮೇಲೆ ಬರಲೊಲ್ಲದು. ಎದ್ದು ನಿಂತು ಎರಡೂ ಕೈಯಿಂದ ಜಗ್ಗಿದೆ. ಕೊಳವೆ ಸಟ್ಟನೆ ಕಿತ್ತು ಬಂತು. ಆಯ ತಪ್ಪಿ ಒಂದು ಕಾಲು ಹಲಗೆಯಾಚೆ ಗೊರಸಿನ ಗುರುತಿನ ಮೇಲೆ ಬಿತ್ತು, ಅದನ್ನು ಕೀಳಲು ಹೋಗಿ ಇನ್ನೊಂದು ಕಾಲೂ ಜಾರಿತು.

ಒಣಗಿದ ಪದರು ಹಪ್ಪಳದ ಹಾಗೆ ಮುರಿಯಿತು. ಕೆಳಗೆ ನೆಲ ಇರಲಿಲ್ಲ. ತಣ್ಣನೆಯದೊಂದು ಮೊದಲು ಮೊಣಕಾಲು, ಆಮೇಲೆ ತೊಡೆ ಹಿಡಿಯಿತು. ನೀರಿನಲ್ಲಿ ಬಿದ್ದರೆ ಕೈಕಾಲು ಬಡಿಯಬಹುದು. ಇಲ್ಲಿ ಬಡಿಯಲು ಕಾಲೇ ನನ್ನದಾಗಿ ಉಳಿದಿರಲಿಲ್ಲ. ಒದ್ದಾಡಿದಷ್ಟೂ ಇಳಿಯುತ್ತಿದ್ದೆ. ಸೊಂಟದ ಹಗ್ಗದವರೆಗೆ ಬಂದಾಗ ಕಿರುಚಿದೆ, ಏನು ಕಿರುಚಿದೆನೋ ನೆನಪಿಲ್ಲ. ಆ ಹೊತ್ತಿಗೇ ಗುಡ್ಡದ ಹಿಂದೆ ಗುಡುಗು ಕೇಳಿಸಿತು. ಮಳೆ ಬಂದರೆ ಹಳ್ಳ ಏರುತ್ತದೆ, ಹಳ್ಳ ಏರಿದರೆ ಮೊದಲು ನೀರು ಬರುವುದು ನಾನಿದ್ದ ಜಾಗಕ್ಕೆ. ಮೂವರಿಗೂ ಅದು ಗೊತ್ತಿತ್ತು.

ದೋಣಿಯವನು ಹಗ್ಗವನ್ನು ದೋಣಿಗೆ ಬಿಗಿದು ಇಂಜಿನ್ ಕಡೆ ಓಡಿದ. "ದೋಣೀಲೇ ಜಗ್ಗತೇನ್ರಿ!"

"ಇಂಜಿನ್ ಮುಟ್ಟಬ್ಯಾಡ! ಸೊಂಟ ಮುರದು ಕೈಗೆ ಬಂದೀತು! ಹಗ್ಗ ಹಿಡಕೊಂಡು ನಿಂದ್ರು, ಸಡ್ಲ ಬಿಡಬ್ಯಾಡ ಅಷ್ಟ."

ಬಾಯಾರು ಹಲಗೆಯ ಮೇಲೆ ಬೋರಲು ಮಲಗಿ ನನ್ನ ಕಡೆ ತೆವಳಿ ಬಂದರು. ಆ ಹೆಂಗಸಿಗೆ ಮೊಣಕಾಲು ನೋವಿತ್ತು, ಮೈ ಭಾರವಿತ್ತು, ರಾಡಿ ಕಂಡರೆ ಮುಖ ಬಿಳುಪೇರುತ್ತಿತ್ತು. ಅವರ ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು. ಕನ್ನಡಕ ಜಾರಿ ಹೂಳಿಗೆ ಬಿತ್ತು, ಅದನ್ನು ನೋಡಲೂ ಇಲ್ಲ. ಅವರ ಮುಖ ನನ್ನ ಮುಖದ ಹತ್ತಿರ ಬಂತು.

"ಎಷ್ಟಾಣೆ?"

"ಹದಿನಾರು ರೀ... ಹದಿನಾರಾಣೆ... ನಾ ಸಾಯತೇನ್ರಿ ಬಾಯಾರ..."

"ನನಗೂ ಹದಿನಾರು. ಯವ್ವಾ, ನನಗೂ ಭಾಳ ಅಂಜಿಕಿ ಆಗೇತಿ. ಇಬ್ಬರದೂ ಸರಿ ಐತಿ. ಈಗ ಹಿಂದಕ ವಾಲು. ಹಾಸಿಗ್ಯಾಗ ಮಕ್ಕೊಂಡಂಗ ವಾಲು. ಕಾಲ ಕೀಳಾಕ ಹೋಗಬ್ಯಾಡ."

ನಾನು ವಾಲಿದೆ. ನಾನೂ ಹಾಕಿಕೊಂಡಿದ್ದ ಲೈಫ್ ಜಾಕೆಟ್ಟು ಬೆನ್ನಿಗೆ ಆಧಾರವಾಯಿತು. ಅವರು ನನ್ನ ಕೈಯಲ್ಲಿದ್ದ ಕೊಳವೆ ಕಿತ್ತುಕೊಂಡು ನನ್ನ ತೊಡೆಯ ಪಕ್ಕದಲ್ಲೇ ಹೂಳಿಗೆ ಚುಚ್ಚಿ ಅಲ್ಲಾಡಿಸಿದರು. ದೋಣಿಯವನು ಒಂದು ಕೈಯಲ್ಲಿ ಹಗ್ಗ ಹಿಡಿದೇ ಇನ್ನೊಂದು ಕೈಯಿಂದ ಕುಡಿಯುವ ನೀರಿನ ತಂಬಿಗೆಯಲ್ಲಿ ನೀರು ಮೊಗೆದು ಮೊಗೆದು ಕೊಟ್ಟ, ಅವರು ಅದನ್ನು ತೂತಿಗೆ ಸುರಿದರು. "ಹೂಳು ಕಾಲ ಹಿಡದಿಲ್ಲ, ಕಾಲಿನ ಸುತ್ತ ಗಾಳಿ ಇಲ್ಲ, ಅಷ್ಟ. ನೀರ ಕೊಟ್ಟರ ಬಿಡತೈತಿ. ಹೆಬ್ಬೆರಳ ಅಳ್ಳಾಡಸು. ಹೆಬ್ಬೆರಳ ಅಷ್ಟ." ನಡುನಡುವೆ ಅಳುತ್ತಿದ್ದರು, ಬಸವಣ್ಣ ಬಸವಣ್ಣ ಎನ್ನುತ್ತಿದ್ದರು, ಮತ್ತೆ ಕೇಳುತ್ತಿದ್ದರು, "ಎಷ್ಟಾಣೆ?" ನಾನು ಹೇಳುತ್ತಿದ್ದೆ. ಹದಿನಾರು. ಹದಿನಾರು. ಮಳೆಯ ಮೊದಲ ಹನಿಗಳು ನನ್ನ ಮುಖದ ಮೇಲೆ ಬಿದ್ದವು. ಒಂದು ಕಾಲು ಬಿಟ್ಟಿತು. ಹದಿನೈದು. ಆ ಒಂದಾಣೆ ಇಳಿದಾಗ ಅವರು ನಕ್ಕದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ, ರಾಡಿ ಮೆತ್ತಿದ ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ.

ದೋಣಿಯೊಳಗೆ ನನ್ನನ್ನು ಎಳೆದುಕೊಂಡ ಮೇಲೆ ಬಾಯಾರು ತಿರುಗಿ ದಿಬ್ಬದ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. ದೋಣಿಯವನನ್ನು ಕರೆದರು.

"ನನಗ ಕನ್ನಡಕ ಇಲ್ಲ, ನೀ ನೋಡಿ ಹೇಳಪಾ. ಹೋದ ಹೆಜ್ಜಿ ಅದಾವಲ್ಲ. ಬಂದ ಹೆಜ್ಜಿ ಎಲ್ಲಿ ಅದಾವ?"

ಅವನು ನೋಡಿದ. ನಾನೂ ನೋಡಿದೆ. ಗೊರಸಿನ ಗುರುತು ಕಾಡಿನಿಂದ ದಿಬ್ಬದ ನಡುವಿನವರೆಗೆ ಬಂದು ಅಲ್ಲಿಗೆ ನಿಂತಿತ್ತು. ಅದರಾಚೆ ನೆಲ ನುಣ್ಣಗೆ ಮುಚ್ಚಿಕೊಂಡಿತ್ತು. ಮಳೆ ಜೋರಾಯಿತು. ಆ ದಿನ ವಾಪಸು ಬರುವಾಗ ಬಾಯಾರು ಆಣೆ ಕೇಳಿದರು, ದೋಣಿಯವನು ಮೊದಲ ಸಲ "ಹತ್ತು ರೀ" ಎಂದ.

ಆಮೇಲೂ ನಾನು ಕೆಲಸ ಬಿಡಲಿಲ್ಲ. ಮನೆಯಲ್ಲಿ ಅವ್ವನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವ್ವ ಅತ್ತಳು, ಬೈದಳು, ಕೊನೆಗೆ ಬಾಯಾರನ್ನು ಊಟಕ್ಕೆ ಕರೆದು ಹೋಳಿಗೆ ಬಡಿಸಿದಳು. ಅವರು ನಮ್ಮ ಮನೆಯ ಮೆಟ್ಟಿಲಿಗೂ ಒಮ್ಮೆ ಸಲಾಕೆ ಕುಟ್ಟಿಯೇ ಒಳಗೆ ಬಂದರು.

ಹೋದ ವರ್ಷ ಅವರಿಗೆ ಹೊಟ್ಟೆಯ ಕಾಯಿಲೆ ಬಂತು. ಹುಬ್ಬಳ್ಳಿಯ ದವಾಖಾನೆಯಿಂದ ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದ ಮೇಲೆ ನಾನು ಮುಂಡಗೋಡಿಗೆ ಹೋದೆ. ಅವರ ಯಜಮಾನರಿಗೆ ಅಲ್ಲಿ ಗೋವಿನಜೋಳದ ವ್ಯಾಪಾರ, ಟಿಬೆಟನ್ ಕಾಲೊನಿಯ ರೈತರ ಮಾಲೆಲ್ಲ ಅವರ ಅಂಗಡಿಯ ಮುಂದೆಯೇ ಇಳಿಯುತ್ತದೆ. ಚೀಲಗಳ ಸಾಲು ದಾಟಿ ಒಳಗೆ ಹೋದರೆ ಬಾಯಾರು ಮಂಚದ ಮೇಲೆ ಅರ್ಧವಾಗಿ ಮಲಗಿದ್ದರು. ಅಷ್ಟು ದಪ್ಪ ಮೈ ಎಲ್ಲಿ ಹೋಯಿತೋ. ಅವರ ಮಾತನ್ನೇ ಅವರಿಗೆ ಕೇಳಿದೆ.

"ಎಷ್ಟಾಣೆ ರೀ ಬಾಯಾರ?"

"ಹದಿನಾಕು," ಎಂದರು. ಆಮೇಲೆ, "ದೋಣಿ ತಿರಗಸಾಕ ಬರೂದಿಲ್ಲಲ್ಲ, ತಂಗಿ," ಎಂದರು.

ನಾನು ಅವರ ಕೈ ಹಿಡಿದುಕೊಂಡೆ. ಸಮಾಧಾನದ ಮಾತು ಹೇಳಲಿಲ್ಲ. ಅವರೂ ನನಗೆ ಹೂಳಿನಲ್ಲಿ ಸುಳ್ಳು ಸಮಾಧಾನ ಹೇಳಿರಲಿಲ್ಲ. "ನನಗೂ ಹದಿನಾಕು ಐತ್ರಿ," ಎಂದೆ. ನಿಜವಾಗಿಯೂ ಅಷ್ಟಿತ್ತು.

"ಸಾಯೂದಕ್ಕಲ್ಲ ನನಗ ಅಂಜಿಕಿ. ಮಣ್ಣಿಗೆ. ನಮ್ಮಲ್ಲಿ ಸುಡೂದಿಲ್ಲ, ಕುಂದ್ರಿಸಿ ಹೂಳತಾರ. ಸನವಳ್ಳಿ ಕಡೆ ನಮ್ಮ ಹೊಲದಾಗ ಕೆಳಗಿನ ತುಂಡಿನ್ಯಾಗ ಅತ್ತಿ ಮಾವನ್ನ ಇಟ್ಟಾರ. ನನ್ನನ್ನೂ ಅಲ್ಲೇ ಇಡತಾರ. ಮಳಿಗಾಲದಾಗ ಅಲ್ಲಿ ಬರೇ ರಾಡಿ. ಆ ರಾಡ್ಯಾಗ ನನ್ನ ಕುಂದ್ರಸಬ್ಯಾಡ್ರಿ. ಮ್ಯಾಲಿನ ತುಂಡಿನ್ಯಾಗ ಗಟ್ಟಿ ಗರಸು ನೆಲ ಐತಿ. ನೀ ಬಂದು ಸಲಾಕಿ ಹಾಕಿ ನೋಡಬೇಕು. ಮೆತ್ತಗಿದ್ದರ ಬ್ಯಾಡ ಅನಬೇಕು."

"ಅಷ್ಟು ಮಂದಿ ಹಿರೇರ ಮುಂದ ನಾ ಹೆಂಗ ಹೇಳ್ಲಿ ರೀ? ನಾ ಯಾರಂತ ಕೇಳತಾರ."

"ಅಂಜಿಕಿ ಆಗತೈತಿ ಅಂತ ಹೇಳು. ನಿನಗ ಬರತದಲ್ಲ ಅದು. ಅಷ್ಟ ಸಾಕು."

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಅವರ ಯಜಮಾನರ ಫೋನು ಬಂತು. "ಹ್ವಾದ್ಲವ್ವಾ. ಸಂಜಿಮುಂದ ಮಣ್ಣು. ಸಲಾಕಿ ನಿನ್ನ ಕೈಯಾಗ ಕೊಡಂದಾಳ, ಬಾ."

ನಾನು ಹೋಗುವಷ್ಟರಲ್ಲಿ ಕೆಳಗಿನ ತುಂಡಿನಲ್ಲಿ ಕುಣಿ ಅಗೆದಾಗಿತ್ತು. ವಿಭೂತಿ, ಬಿಲ್ವಪತ್ರೆ, ಕುರ್ಚಿಯಲ್ಲಿ ಕೂರಿಸಿದ ಬಾಯಾರು, ಸುತ್ತ ಮನೆತನದ ಹಿರಿಯರು. ಯಜಮಾನರು ಕಣ್ಣೊರೆಸಿಕೊಂಡು ಸಲಾಕೆಯನ್ನು ನನ್ನ ಕೈಗೆ ಕೊಟ್ಟರು. ಹೂಳಿನಲ್ಲಿ ಸಿಕ್ಕಾಗಲೂ ನನಗೆ ಅಷ್ಟು ಅಂಜಿಕೆ ಆಗಿತ್ತೋ ಇಲ್ಲವೋ. ಮಣ್ಣಿನ ಹೊತ್ತಿನಲ್ಲಿ ಅಡ್ಡಬಾಯಿ ಹಾಕುವ ಹೆಣ್ಣನ್ನು ಊರು ಮರೆಯುವುದಿಲ್ಲ. ಆದರೂ ಕುಣಿಯ ಅಂಚಿನಲ್ಲಿ ಕುಳಿತು ಸಲಾಕೆಯನ್ನು ತಳಕ್ಕೆ ಒತ್ತಿದೆ. ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಮೇಲೆ ಎತ್ತಿದರೆ ತುದಿಯಲ್ಲಿ ಕಪ್ಪು ರಾಡಿ, ತೂತಿನಲ್ಲಿ ನೀರು ಜಿನುಗಿತು.

"ಇಲ್ಲಿ ಬ್ಯಾಡ್ರಿ," ಎಂದೆ. ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ.

ಹಿರಿಯರೊಬ್ಬರು ತಿರುಗಿದರು. "ಯಾರವ್ವಾ ನೀನು? ಹಿರೇರ ಸಾಲು ಬಿಟ್ಟು ಬ್ಯಾರೆ ಕಡೆ ಇಡೂದು ನಮ್ಮಲ್ಲಿ ಇಲ್ಲ. ಹೊತ್ತು ಮುಳುಗಾಕ ಬಂದೈತಿ. ಸತ್ತವರಿಗೆ ಎಂಥಾ ರಾಡಿ, ಎಂಥಾ ಅಂಜಿಕಿ?"

"ನನಗ ಅಂಜಿಕಿ ಆಗತೈತ್ರಿ," ಎಂದೆ. ಅಳು ಒತ್ತರಿಸಿ ಬಂತು, ತಡೆಯಲಿಲ್ಲ. "ಹನ್ನೆರಡಾಣೆ ಮ್ಯಾಲೈತ್ರಿ."

ಅವರಿಗೆ ತಲೆಬುಡ ತಿಳಿಯಲಿಲ್ಲ. ಯಾರೋ ಹಿಂದೆ ಗೊಣಗಿದರು. ಆಗ ಯಜಮಾನರು ಮುಂದೆ ಬಂದರು. ಅವರೂ ಎಷ್ಟೋ ವರ್ಷ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟವರೇ ಇರಬೇಕು.

"ಆ ಹುಡಿಗಿ ಹನ್ನೆರಡಾಣೆ ಅಂದ್ಲು. ಮುಗೀತು. ಯಾಕಂತ ಕೇಳೂ ಹಂಗಿಲ್ಲ. ಮ್ಯಾಲ ಅಗೀರಿ."

ಮೇಲಿನ ತುಂಡಿನಲ್ಲಿ ಗುದ್ದಲಿ ಕೆಂಪು ಗರಸಿಗೆ ಬಡಿದು ಎಗರುತ್ತಿತ್ತು. ಅಗೆಯುವವರು ಬೈದುಕೊಂಡೇ ಅಗೆದರು. ಕುಣಿ ಆದ ಮೇಲೆ ನಾನು ಯಾರನ್ನೂ ಕೇಳದೆ ಕೆಳಗಿಳಿದೆ. ಸಲಾಕೆಯನ್ನು ನಡುವೆ ಕುಟ್ಟಿದೆ, ನಾಲ್ಕೂ ಮೂಲೆಗೆ ಕುಟ್ಟಿದೆ. ಎಲ್ಲಿಯೂ ಇಳಿಯಲಿಲ್ಲ. ಎರಡೂ ಕಾಲೂರಿ ಕುಪ್ಪಳಿಸಿ ನೋಡಿದೆ. ಆಮೇಲೆ ತಲೆಯೆತ್ತಿ, ಮೇಲೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಗಟ್ಟಿ ಐತ್ರಿ ಬಾಯಾರ. ಬರ್ರಿ."